ಕೀಲಿಗೊಂಚಲು ಹಿಡಿದವಳು

ಮಾರ್ಚ್ 9, ಶನಿವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಮಂಡಿನೋವು ಹೇಗಿದೆ? ಭಾವ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕೋದು ಬಿಟ್ಟರಾ?

ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವ ಹುಡುಗಿಯ ಬಗ್ಗೆ ಹೇಳಿದ್ದೆನಲ್ಲ, ಬಾಯೇ ಬಿಡಲ್ಲ ಅಂತ? ನಿನ್ನೆ ಅವಳ ಮೌಖಿಕ ಪರೀಕ್ಷೆ. ವಿಷಯ, ಹಳೆಯ ಗಾಥಿಕ್ ಕಾದಂಬರಿಗಳ ಕೆಲಸದ ಹೆಂಗಸರು. ಪಾಳು ಬಂಗಲೆ, ಬೀಗ ಹಾಕಿದ ಕೋಣೆ, ಗೋಡೆಯಾಚೆ ನರಳುವ ದನಿ... ಚಿಕ್ಕವಳಿದ್ದಾಗ ನೀನು ಓದಿ ಹೆದರಿ, ಬಚ್ಚಲಿಗೂ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದೆಯಲ್ಲ, ಅಂಥವೇ ಪುಸ್ತಕಗಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಪ್ರಬಂಧವನ್ನು ಮೇಜಿನ ಮೇಲೆ ಎಸೆದ ಹಾಗೆ ಇಟ್ಟರು. "ಮುನ್ನೂರು ಪುಟ, ಅದೂ ಕೆಲಸದವಳ ಮೇಲೆ! ಎರಡು ಸಾಲಿಗೆ ಬಂದು ಹೋಗೋಳು ಪಾತ್ರ ಹೇಗಮ್ಮ ಆಗ್ತಾಳೆ?"

ಹುಡುಗಿ ಹಾಳೆ ನೋಡದೆಯೇ ಹೇಳಿದಳು. "ಸರ್, ಕೀಲಿಗೊಂಚಲು ಇರೋದು ಅವಳ ಸೊಂಟದಲ್ಲಿ. ಕೂಡಿಹಾಕಿದವಳಿಗೆ ಊಟ ಕೊಡೋಳು ಅವಳು, ಕಿರುಚಾಟ ಮೊದಲು ಕೇಳಿಸಿಕೊಳ್ಳೋಳೂ ಅವಳೇ. ಅವಳು ಬಾಯಿಬಿಟ್ಟರೆ ಕಥೆ ಹತ್ತನೇ ಪುಟಕ್ಕೇ ಮುಗಿಯುತ್ತೆ. ಅದಕ್ಕೇ ಅವಳನ್ನ ಯಾರೂ ಏನೂ ಕೇಳಲ್ಲ."

"ಇದು ಸಂಶೋಧನೆಯಲ್ಲ, ಬರೀ ಮರುಕ." ಪ್ರಬಂಧ ತಿರಸ್ಕರಿಸಿದ ವರದಿಗೆ ಸಹಿ ಹಾಕಿ ನನ್ನ ಕಡೆ ತಳ್ಳಿದರು. "ಮೇಡಂ, ನೀವೂ ಹಾಕಿಬಿಡಿ. ಊಟದ ಹೊತ್ತಾಯ್ತು."

ಅಕ್ಕ, ಪೆನ್ನಿನ ಮುಚ್ಚಳ ತೆಗೆದೇಬಿಟ್ಟಿದ್ದೆ. ನಾನು ವಿಭಾಗದ ಮುಖ್ಯಸ್ಥೆ ಆಗೋದು ಇದೇ ಮನುಷ್ಯನ ಶಿಫಾರಸಿನ ಮೇಲಿದೆ. ಹುಡುಗಿ ನನ್ನ ಕಡೆ ನೋಡಲೂ ಇಲ್ಲ. ತಲೆ ಬಗ್ಗಿಸಿ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಆ ಬಗ್ಗಿದ ತಲೆ ನೋಡಿ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದೆ.

"ಹಾಕಲ್ಲ ಸರ್," ಅಂದೆ. "ಅವಳು ಹೇಳಿದ್ದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ."

ಅವರು ಊಟವನ್ನೂ ಮಾಡದೆ ಧುಮುಗುಡುತ್ತಾ ಹೊರಟುಹೋದರು. ಪ್ರಬಂಧ ಇನ್ನೊಬ್ಬ ಪರೀಕ್ಷಕರಿಗೆ ಹೋಗುತ್ತೆ. ನನ್ನ ಬಡ್ತಿ ಕೈತಪ್ಪಿದ ಹಾಗೆಯೇ. ಹುಡುಗಿ ಕಣ್ಣೊರೆಸಿಕೊಂಡು "ಥ್ಯಾಂಕ್ಸ್ ಮೇಡಂ" ಅಂದಳು. ಅವಳ ಮುಖ ನೋಡಲಾಗದೆ ಅಲ್ಲಿಂದ ಎದ್ದುಬಂದೆ.

ಮಂಡಿಗೆ ಎಣ್ಣೆ ಹಚ್ಚೋದು ಮರೆಯಬೇಡ. ಮಕ್ಕಳಿಗೆ ಆಶೀರ್ವಾದ, ಭಾವನಿಗೆ ನಮಸ್ಕಾರ.

ನಿನ್ನ
ಪುಟ್ಟಿ

ಇನ್ನೊಂದು ಮಾತು. ನಾನು ಓದುತ್ತಿದ್ದಾಗ ಅಮ್ಮ ಕಾಲೇಜಿಗೆ ಒಂದೇ ಸಲ ಬಂದು, ಆಮೇಲೆ ಎಷ್ಟು ಹೇಳಿದರೂ ಯಾಕೆ ಬರಲಿಲ್ಲ ಅಂತ ನೀನು ಕೇಳುತ್ತಲೇ ಇದ್ದೆಯಲ್ಲ. ಆವತ್ತು ಹಾಸ್ಟೆಲ್ ಬಾಗಿಲಲ್ಲಿ ಗೆಳತಿಯರು "ಯಾರೇ ಇವರು?" ಅಂದಾಗ "ನಮ್ಮನೆ ಕೆಲಸದವಳು" ಅಂದುಬಿಟ್ಟೆ. ಅಮ್ಮ ಕೇಳಿಸಿಕೊಂಡಳು. ನನ್ನ ಟ್ರಂಕು ಎತ್ತಿಕೊಂಡು ಹಿಂದೆಯೇ ಮೆಟ್ಟಿಲು ಹತ್ತಿದಳು. ಕೋಣೆಯಲ್ಲಿ, ಅವರೆಲ್ಲರ ಮುಂದೆ, ತಲೆ ಬಗ್ಗಿಸಿ ಕೇಳಿದಳು: "ಎಲ್ಲಿಡಲಿ, ಅಮ್ಮಾವ್ರೇ?"