ಪೀಕಿಂಗ್ ನಿಲ್ದಾಣದಲ್ಲಿ ತಾಳೆಯಾಗದ ಪಟ್ಟಿ

ವಿಲೆಟನ್, ಪರ್ತ್
8-12-1986, ಸೋಮವಾರ

ಪ್ರಿಯ ವಿಶಾಲೂ,

ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ಮೊದಲನೆಯದರ ಮೇಲೆ ಅಕ್ಟೋಬರ್ ತಾರೀಖಿದೆ. ಹೋದ ವಾರ ನೀನು ಬ್ರಿಸ್ಬೇನಿನಿಂದ ಫೋನ್ ಮಾಡಿದಾಗಲೂ "ಎಲ್ಲಾ ಬರೀತೀನಿ ಕಣೇ" ಎಂದು ಇಟ್ಟುಬಿಟ್ಟೆ. ಬರೆಯಲು ಸಮಯವಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ಸಮಯವಿತ್ತು. ದಿನಾ ಕೂರುತ್ತಿದ್ದೆ, ತಾರೀಖು ಬರೆಯುತ್ತಿದ್ದೆ, ಎದ್ದುಹೋಗುತ್ತಿದ್ದೆ. ನಿನ್ನ ಮಂಡಿನೋವು ಹೇಗಿದೆ? ಚಂದ್ರಮೌಳಿಯವರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲಾ ಡಾಕ್ಟರ್ ಗಂಡನ ಮಾತು ಯಾರು ಕೇಳುತ್ತಾರೆ ಎಂದು ಬಿಟ್ಟಿದ್ದೀಯೋ?

ಇಲ್ಲಿ ಆಗಲೇ ಬೇಸಗೆ ಕಾದಿದೆ. ಲ್ಯಾಬಿನಲ್ಲಿ ಇಬ್ಬರು ಕ್ರಿಸ್‌ಮಸ್ ರಜೆಗೆ ಹೋಗಿ, ಅವರ ಸ್ಲೈಡುಗಳೂ ನನ್ನ ಪಾಲಿಗೆ ಬಂದಿವೆ. ಸಂಜೆ ಮನೆಗೆ ಬಂದು ಶೂ ಬಿಚ್ಚಿದರೆ ಮತ್ತೆ ಏಳುವ ಮನಸ್ಸಾಗುವುದಿಲ್ಲ. ರಾಜಗೋಪಾಲ್ ಅನ್ನ ಇಡುತ್ತಾರೆ, ಸಾರು ಮಾತ್ರ ನನ್ನದು. ನನ್ನ ಕಾನ್ವೆಂಟ್ ಕನ್ನಡವನ್ನು ನೀನೊಬ್ಬಳೇ ಸಹಿಸುವವಳು. ಮೈತ್ರಿಗೆ ಒಂದೇ ಭಾಷೆ ಸಾಕು, ಕಿವಿ ಕೇಳದ ಮಗುವಿಗೆ ಎರಡಾದರೆ ತುಟಿ ಓದುವುದು ಕಷ್ಟ ಎಂದು ಸ್ಪೀಚ್ ಕ್ಲಿನಿಕ್ಕಿನವರು ಹೇಳಿದ ದಿನದಿಂದ ಈ ಮನೆಯಲ್ಲಿ ಕನ್ನಡ ನಿಂತುಹೋಯಿತು. ಹನ್ನೆರಡು ವರ್ಷವಾಯಿತು. ಗಂಡ ಹೆಂಡತಿ ಜಗಳ ಕೂಡ ಇಂಗ್ಲಿಷಿನಲ್ಲೇ ಆಡುತ್ತೇವೆ.

ಚೀನಾ ಪ್ರವಾಸ ಹೇಗಾಯಿತು ಎಂದು ಕೇಳಿದ್ದೀಯ. ಏನೂ ಆಗಲಿಲ್ಲ. ಮೂರು ವಾರ ದಿನಾ ಮೈತ್ರಿಯ ಕಿವಿಯ ಸುತ್ತ, ಕೈಮೇಲೆ, ಮೊಣಕಾಲಿನ ಕೆಳಗೆ ಅಕ್ಯುಪಂಕ್ಚರ್ ಸೂಜಿ. ಹೋಗುವಾಗ ರಾಜಗೋಪಾಲ್, "ಚುಚ್ಚಿಸೋಕೆ ಅಷ್ಟು ದೂರ ಯಾಕೆ ರುಕ್ಮಿಣಿ? ನಮ್ಮ ವಾರ್ಡಿನ ನರ್ಸ್‌ಗಳು ಬಿಟ್ಟಿಯಾಗಿ ಚುಚ್ತಾರೆ" ಎಂದಿದ್ದರು. ಬಂದ ಮೇಲೆ ಮೈತ್ರಿಯ ಕಿವಿಯ ಪರೀಕ್ಷೆ ಮಾಡಿಸಿದೆ. ಕೇಳುವಿಕೆ ತೋರಿಸುವ ಗೆರೆ ಇದ್ದಲ್ಲೇ ಇದೆ. ಅಲ್ಲಿನ ಮುದುಕ ಡಾಕ್ಟರು ಒಳ್ಳೆಯ ಮನುಷ್ಯ, ಮಾರ್ಚಿನಲ್ಲಿ ಇನ್ನೊಂದು ಸುತ್ತು ಬನ್ನಿ ಎಂದರು. ನಾನು ಆಗಲಿ ಎಂದೆ. ಮೈತ್ರಿಯನ್ನು ಕೇಳಲಿಲ್ಲ.

ನಿನಗೆ ಹೇಳಬೇಕಾದದ್ದು ಆಸ್ಪತ್ರೆಯ ವಿಷಯವಲ್ಲ, ವಾಪಸ್ ಬರುವಾಗ ಪೀಕಿಂಗಿನ ವಿಮಾನ ನಿಲ್ದಾಣದಲ್ಲಿ ಕಳೆದ ಒಂದು ಬೆಳಗಿನದು.

ನಮ್ಮ ದುಭಾಷಿ ಹುಡುಗಿ ಬಾಗಿಲವರೆಗೆ ಬಂದಳು. ಒಳಗೆ ಅವಳಿಗೆ ಪ್ರವೇಶವಿಲ್ಲ. ಕೈಕುಲುಕಿ, "ತುಂಬ ಸುಲಭ, ನೇರ ಹೋಗಿ" ಎಂದು ಹೊರಟುಹೋದಳು. ನೇರ ಎಂದರೆ ಎಲ್ಲಿಗೆ? ಅಷ್ಟು ದೊಡ್ಡ ಸಭಾಂಗಣ, ನಾಲ್ಕು ಕಡೆಗೂ ಸಾಲು, ಹೊರಗೆ ಮಂಜು. ಬೋರ್ಡುಗಳಲ್ಲಿ ಚೀನೀ ಅಕ್ಷರ, ಅದರ ಕೆಳಗೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಪದ. ಧ್ವನಿವರ್ಧಕದಲ್ಲಿ ಒಬ್ಬಳು ಎಡೆಬಿಡದೆ ಏನೋ ಹೇಳುತ್ತಿದ್ದಳು. ನಾನು ಕಿವಿ ನಿಮಿರಿಸಿ ನಿಂತೆ. ನಾವು ಹೋಗಬೇಕಿದ್ದ ಹಾಂಗ್‌ಕಾಂಗ್ ಎಂದಂತೆ ಕೇಳಿಸಿತು, ಅಲ್ಲವೆಂದೂ ಅನ್ನಿಸಿತು. ಕೊನೆಗೆ ಅತಿ ಉದ್ದದ ಸಾಲೇ ನಮ್ಮದಿರಬೇಕು ಎಂದು ತಳ್ಳುಗಾಡಿ ನೂಕಿಕೊಂಡು ಹೋಗಿ ನಿಂತೆ.

ಇಪ್ಪತ್ತು ನಿಮಿಷವಾದ ಮೇಲೆ ಮೈತ್ರಿ ನನ್ನ ತೋಳು ತಟ್ಟಿದಳು. ಅವಳ ದನಿ ಗೊತ್ತಲ್ಲ, ಅಂಚು ಮಸುಕಾದಂತೆ.

"ಮಮ್, ಇದು ನಮ್ಮ ಸಾಲಲ್ಲ."

"ನಿನಗೆ ಹೇಗೆ ಗೊತ್ತು?"

"ಅವರ ಕೈ ನೋಡು. ಯಾರ ಹತ್ರಾನೂ ಪಾಸ್‌ಪೋರ್ಟ್ ಇಲ್ಲ."

ಹೌದು. ಟಿಕೆಟ್, ಹಣ್ಣಿನ ಚೀಲ, ಉಣ್ಣೆಯ ಟೋಪಿ ಬಿಟ್ಟರೆ ಒಂದು ಪಾಸ್‌ಪೋರ್ಟೂ ಇಲ್ಲ. ಅದು ದೇಶದೊಳಗಿನ ವಿಮಾನಗಳ ಸಾಲು. ಆಮೇಲೆ ಅವಳೇ ಮುಂದೆ, ನಾನು ಹಿಂದೆ. ಪಾಸ್‌ಪೋರ್ಟ್ ಹಿಡಿದವರು ಯಾವ ಕಡೆ ಹೋಗುತ್ತಾರೆ ಎಂದು ನೋಡಿದಳು. ಸಮವಸ್ತ್ರದವನೊಬ್ಬನ ಮುಂದೆ ನಿಂತು ಕೈಯನ್ನು ವಿಮಾನದಂತೆ ಎತ್ತಿ ಟಿಕೆಟ್ ತೋರಿಸಿದಳು. ಅವನು ನಕ್ಕು ಬೆರಳಿನಿಂದಲೇ ಎಡ, ಬಲ, ಮೇಲೆ ಎಂದು ದಾರಿ ಹೇಳಿದ. ಇವಳೂ ಬೆರಳಿನಲ್ಲೇ ತಿರುಗಿ ಹೇಳಿ ಸರಿಯೇ ಎಂದು ಕೇಳಿದಳು. ಎರಡೇ ನಿಮಿಷ. ಅಷ್ಟು ಜನರ ನಡುವೆ ಏನೂ ತಿಳಿಯದೆ ನಿಂತವಳು ನಾನೊಬ್ಬಳೇ. ಅವಳಿಗೆ ಅದು ಪ್ರತಿದಿನದ ಜಗತ್ತು. ನಮ್ಮ ದೀಪಾವಳಿ ಊಟಗಳಲ್ಲಿ ಕಮಲಾ ಆಂಟಿ, ಲಿಂಗರಾಜ ಅಂಕಲ್ ಎಲ್ಲರೂ ಒಂದೇ ಸಮನೆ ಮಾತಾಡುತ್ತ ನಗುವಾಗ ಮೂಲೆಯಲ್ಲಿ ತಟ್ಟೆ ಹಿಡಿದು ಅವಳು ಹೇಗೆ ಕೂತಿರುತ್ತಾಳೆ ಎಂದು ನನಗೆ ಅಲ್ಲಿ ನೆನಪಾಯಿತು. ನಾಚಿಕೆಯಾಯಿತೋ, ಬರೀ ಸುಸ್ತೋ, ಈಗಲೂ ಗೊತ್ತಿಲ್ಲ.

ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದೆವು. ಒಳಗೆ ಬರುವಾಗ ಅಲ್ಲಿ ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ಗಡಿಯಾರ, ಕ್ಯಾಮೆರಾ, ಒಡವೆ ಏನೇನು ತಂದಿದ್ದೀರಿ ಎಂದು. ಹೋಗುವಾಗ ಅದಷ್ಟೂ ನಿಮ್ಮ ಜೊತೆ ಹೊರಗೆ ಹೋಗಬೇಕು, ಅಲ್ಲಿ ಮಾರಿ ಹೋಗಬಾರದು. ಬೇರೆ ಯಾರಾದರೂ ಎರಡು ಸಾಲು ಗೀಚಿ ಕೊಡುತ್ತಿದ್ದರು. ನಾನು ಗೊತ್ತಲ್ಲ, ಕಾನ್ವೆಂಟಿನ ನನ್‌ಗಳು ಕಲಿಸಿದ ಪ್ರಾಮಾಣಿಕತೆ. ಬಳೆ ನಾಲ್ಕು, ವಾಚು ಎರಡು, ಕ್ಯಾಮೆರಾ ಒಂದು, ಹಿಯರಿಂಗ್ ಏಡ್ ಎರಡು ಎಂದು ಬರೆದಿದ್ದೆ.

ಕೌಂಟರಿನ ಹೆಂಗಸು ನನ್ನ ಬಳೆ ಮುಟ್ಟಿ ಎಣಿಸಿದಳು. ವಾಚು ನೋಡಿದಳು. ಕೊನೆಯ ಸಾಲಿನ ಮೇಲೆ ಪೆನ್ನಿಟ್ಟು, "ಎರಡು. ಎಲ್ಲಿ?" ಎಂದಳು.

ನಾನು ಮೈತ್ರಿಯ ಕೂದಲು ಸರಿಸಿದೆ. ಕಿವಿ ಬರಿದಾಗಿತ್ತು. ಇನ್ನೊಂದೂ ಅಷ್ಟೇ.

"ಎಲ್ಲಿ ಹಾಕಿದೆ?"

"ಹೋಟೆಲಲ್ಲಿ."

"ಮರೆತು ಬಂದೆಯಾ?"

"ಇಲ್ಲ. ಕಸದ ಬುಟ್ಟಿಗೆ ಹಾಕಿದೆ."

ಎಷ್ಟು ಶಾಂತವಾಗಿ ಹೇಳಿದಳು ಎಂದರೆ, ಅವಳಿಗೆ ನನ್ನ ಪ್ರಶ್ನೆ ಸರಿಯಾಗಿ ತಿಳಿಯಲಿಲ್ಲವೇನೋ ಎಂದು ಮತ್ತೆ ಕೇಳಿದೆ. "ಬಿನ್ ಮಮ್, ಬಿನ್" ಎಂದು ಕೈಯಲ್ಲೂ ಎಸೆದು ತೋರಿಸಿದಳು. ಕೌಂಟರಿನವಳಿಗೂ ಅರ್ಥವಾಯಿತು. ಆದರೆ ಯಾವ ತಾಯಿ ತಾನೇ ಇದನ್ನು ನಂಬುತ್ತಾಳೆ, ಮಾರಿರಬೇಕು ಎಂದು ಅವಳ ಮುಖವೇ ಹೇಳುತ್ತಿತ್ತು. ಹೋಟೆಲಿಗೆ ಫೋನ್ ಮಾಡಿಸಿ, ನಮ್ಮನ್ನು ಬೆಂಚಿನ ಮೇಲೆ ಕೂರಿಸಿದಳು. ಮಂಜಿನಿಂದ ವಿಮಾನ ಹೇಗೂ ತಡ. ಯಾರೋ ಎರಡು ಲೋಟ ಬಿಸಿನೀರು ತಂದುಕೊಟ್ಟರು.

ಎರಡು ಗಂಟೆ ಕೂತೆವು. ಹದಿನೇಳು ವರ್ಷದಲ್ಲಿ ನಾವಿಬ್ಬರು ಬೇರೆ ಏನೂ ಮಾಡದೆ ಅಷ್ಟು ಹೊತ್ತು ಪಕ್ಕಪಕ್ಕ ಕೂತದ್ದಿಲ್ಲ. ಯಾವಾಗಲೂ ಯಾವುದೋ ಕ್ಲಿನಿಕ್ಕಿಗೆ ಹೋಗುತ್ತಿರುತ್ತೇವೆ ಅಥವಾ ಬರುತ್ತಿರುತ್ತೇವೆ. ನನ್ನ ತುಟಿ ನಡುಗುತ್ತಿತ್ತು, ಹಾಗಾಗಿ ಅವಳಿಗೆ ಓದಲು ಬರಲಿಲ್ಲ. ಚೀಲದಿಂದ ಪ್ಯಾಡ್ ತೆಗೆದಳು. ಅವಳು ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ:

"ಅದರಲ್ಲಿ ನನಗೆ ಕೇಳಿಸುವುದು ಬರೀ ಗದ್ದಲ, ತಲೆನೋವು ಬರುತ್ತದೆ. ನಿನಗೆ ಆರು ಸಲ ಹೇಳಿದ್ದೇನೆ. ಮಾರ್ಚಿಗೆ ನಾನು ಬರುವುದಿಲ್ಲ. ಅಡಿಲೇಡಿಗೆ ಹೋಗುತ್ತೇನೆ. ಡೆಬ್ಬಿ ಮತ್ತು ಇನ್ನಿಬ್ಬರು ಕಿಲ್ಬರ್ನಿನಲ್ಲಿ ಮನೆ ಮಾಡಿದ್ದಾರೆ. ನನ್ನನ್ನೂ ಸೇರಿಸಿ ನಾಲ್ಕು ಜನರೂ ಕಿವುಡರು. ಅಲ್ಲಿ ಪ್ರಿಂಟಿಂಗ್ ಕೋರ್ಸ್ ಇದೆ. ಡ್ಯಾಡ್ ಹೂಂ ಅಂದಿದ್ದಾರೆ. ನೀನೂ ಅನ್ನಬೇಕು."

ಡೆಬ್ಬಿ ಅವಳ ಶಾಲೆಯ ಗೆಳತಿ. ಕೈಭಾಷೆ ಕಲಿಸಿದ್ದು ಅವಳೇ. ಕೈ ಆಡಿಸಿದರೆ ಬಾಯಿ ಸೋಮಾರಿಯಾಗುತ್ತದೆ ಎಂದು ನಾನು ಮನೆಯಲ್ಲಿ ಅದನ್ನು ನಿಷೇಧಿಸಿದ್ದೆ. ಕಿಲ್ಬರ್ನ್ ಎಂದರೆ ಕಾರ್ಖಾನೆಗಳ ಪಕ್ಕದ ಬೀದಿಗಳು ಎಂದು ಬರೆದೆ. "ಕಾರ್ಖಾನೆ ಸದ್ದು ನನಗೇನು ಮಾಡುತ್ತದೆ?" ಎಂದು ಬರೆದು ನಕ್ಕಳು. ನನಗೂ ನಗು ಬಂತು, ತಡೆದೆ. ಆಮೇಲೆ ಅವಳು ನಗುವುದು ನಿಲ್ಲಿಸಿ ಇನ್ನೊಂದು ಸಾಲು ಬರೆದಳು.

"ನನ್ನನ್ನು ಸರಿಮಾಡುವುದನ್ನು ನೀನು ಯಾಕೆ ನಿಲ್ಲಿಸುವುದಿಲ್ಲ? ನಾನು ಹೀಗೇ ಚೆನ್ನಾಗಿದ್ದೇನೆ. ಡ್ಯಾಡ್‌ಗೆ ಗೊತ್ತು. ನಿನಗೆ ಮಾತ್ರ ಯಾಕೆ ಆಗುವುದಿಲ್ಲ?"

ಪೆನ್ನು ನನ್ನ ಕೈಗೆ ಕೊಟ್ಟಳು. "ನಾನು ನಿನ್ನ ತಾಯಿ, ಅದಕ್ಕೆ" ಎಂದು ಬರೆದೆ. ಓದಿ, ಹಾಳೆ ಹರಿದು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಬಾಯಲ್ಲೇ ಹೇಳಿದಳು, "ಇದು ಉತ್ತರ ಅಲ್ಲ, ಮಮ್."

ಅಷ್ಟರಲ್ಲಿ ಹೋಟೆಲಿನ ವ್ಯಾನಿನವನು ಏದುಸಿರು ಬಿಡುತ್ತ ಬಂದ. ನ್ಯೂಸ್‌ಪೇಪರಿನಲ್ಲಿ ಸುತ್ತಿದ ಪೊಟ್ಟಣ. ಅಲ್ಲಿ ಗಿರಾಕಿಗಳು ಬಿಟ್ಟುಹೋದದ್ದು ಏನೇ ಇರಲಿ, ಹಿಂದೆಯೇ ಓಡಿಬಂದು ಕೊಡುತ್ತಾರೆ. ಎರಡು ಹಿಯರಿಂಗ್ ಏಡ್, ನನ್ನ ಹರಿದ ಕಾಲುಚೀಲ, ಖಾಲಿ ಪೌಡರ್ ಡಬ್ಬ, ಎಲ್ಲವೂ ಒರೆಸಿ ಇಟ್ಟಂತಿದ್ದವು. ಕೌಂಟರಿನವಳು ಎರಡನ್ನೂ ಅಂಗೈಯಲ್ಲಿಟ್ಟು ಎಣಿಸಿ, ಫಾರಂ ಮೇಲೆ ಮುದ್ರೆ ಒತ್ತಿದಳು. ನಾವು ಹೊರಡುವಾಗ ಮೈತ್ರಿಯ ಭುಜ ತಟ್ಟಿ ನನ್ನ ಕಡೆ ನೋಡಿ, "ಒಳ್ಳೆ ಮಗಳು, ಜೋಪಾನ" ಎಂದಳು. ಯಾರಿಗೆ ಜೋಪಾನ ಎಂದಳೋ ತಿಳಿಯಲಿಲ್ಲ. ಏಡ್‌ಗಳು ಪರ್ತ್ ತನಕ ನನ್ನ ಕೈಚೀಲದಲ್ಲೇ ಇದ್ದವು. ಹಾಕಿಕೋ ಎಂದು ನಾನು ಹೇಳಲಿಲ್ಲ.

ಮನೆಗೆ ಬಂದು ಮೂರು ವಾರ ನಾನು ಹೂಂ ಎನ್ನಲಿಲ್ಲ. ಸಪ್ಪೆಮುಖ ಮಾಡಿಕೊಂಡು ಓಡಾಡಿದೆ. ಅಪ್ಪ ಮಗಳು ಒಂದು ಭಾನುವಾರ ನನ್ನನ್ನು ಸಮಾಧಾನ ಮಾಡಲೆಂದು ಸ್ವಾನ್ ವ್ಯಾಲಿಗೆ ಕರೆದುಕೊಂಡು ಹೋದರು. ದ್ರಾಕ್ಷಿತೋಟದ ಬೇಲಿಯ ಹತ್ತಿರ ಇಬ್ಬರೂ ಕೈಯಲ್ಲೇ ಏನೋ ಮಾತಾಡಿ ನಗುತ್ತಿದ್ದರು. ರಾಜಗೋಪಾಲ್ ಯಾವಾಗ ಕಲಿತರು? "ಮಂಗಳವಾರದ ಕ್ಲಬ್ಬು ಅಂತಿದ್ದೆನಲ್ಲ, ಅದು ಬ್ರಿಡ್ಜ್ ಆಡೋಕಲ್ಲ" ಎಂದರು. ಎರಡು ವರ್ಷದಿಂದ ಕೈಭಾಷೆ ಕಲಿಯುತ್ತಿದ್ದರಂತೆ. "ನನಗೂ ಹೇಳಬಹುದಿತ್ತು" ಎಂದೆ. "ನಿನಗೆ ಹೇಳೋಕೆ ಭಯ ಕಣೇ" ಎಂದರು. ಅವರು ತಮಾಷೆ ಮಾಡಲಿಲ್ಲ.

ಆ ರಾತ್ರಿಯೇ ಹೋಗು ಎಂದೆ. ಬರುವ ಭಾನುವಾರ, ಹದಿನಾಲ್ಕನೇ ತಾರೀಖು, ಅವಳ ರೈಲು. ಎರಡು ಹಗಲು ಮರುಭೂಮಿ ನೋಡಬೇಕಂತೆ, ವಿಮಾನ ಬೇಡವಂತೆ. ಅವಳ ಸೂಟ್‌ಕೇಸಿನಲ್ಲಿ ಒಂದು ಡಬ್ಬ ಚಟ್ನಿಪುಡಿ ಇಟ್ಟಿದ್ದೇನೆ. ಅವಳು ತೆಗೆದು ಹಾಕಿಲ್ಲ ಇನ್ನೂ. ನಿನಗೆ ಸಾಧ್ಯವಾದರೆ ಈಸ್ಟರಿಗೆ ಅಡಿಲೇಡಿಗೆ ಹೋಗಿ ನೋಡಿಕೊಂಡು ಬಾ. ನಿನ್ನನ್ನು ಕಂಡರೆ ಅವಳಿಗೆ ಇಷ್ಟ. ಚಂದ್ರಮೌಳಿಯವರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ,
ರುಕ್ಮಿಣಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ.

ಬೆಂಚಿನ ಮೇಲೆ ನಾನು ಅವಳಿಗೆ ಬರೆದ ಉತ್ತರ ಸುಳ್ಳು. ನಿನಗೂ ಹದಿನೈದು ವರ್ಷದಿಂದ ಹೇಳಿಕೊಂಡು ಬಂದದ್ದು ಸುಳ್ಳು. ಅವಳ ಕಿವಿ ಹೋದದ್ದು ಮಿದುಳುಜ್ವರದಿಂದಲ್ಲ. 1971ರಲ್ಲಿ ರಾಜಗೋಪಾಲ್ ಇಂಗ್ಲೆಂಡಿನಲ್ಲಿದ್ದಾಗ, ಹಾಸನದ ಕ್ವಾರ್ಟರ್ಸಿನಲ್ಲಿ ಮಗುವಿಗೆ ಹತ್ತು ದಿನ ಜ್ವರ ಇಳಿಯಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬರಿಗೆ ಕ್ಷಯ ಇತ್ತು, ನನಗೆ ಹೆದರಿಕೆ ಹಿಡಿಯಿತು. ಯಾರನ್ನೂ ಕೇಳದೆ, ನನ್ನ ಕೈಯಿಂದಲೇ ಕ್ಷಯದ ಔಷಧ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಶುರುಮಾಡಿದೆ. ದಿನಕ್ಕೊಂದು. ಹನ್ನೆರಡನೆಯ ದಿನ ಮಂಚದಿಂದ ಇಳಿದವಳು ತೂರಾಡಿ ಗೋಡೆ ಹಿಡಿದುಕೊಂಡಳು. ಆ ಔಷಧ ಕಿವಿಗೆ ತಗಲಿದರೆ ಮೊದಲು ನಡಿಗೆ ತಪ್ಪುತ್ತದೆ ಎಂದು ನಿನಗೂ ನನಗೂ ಮೆಡಿಕಲ್ ಕಾಲೇಜಿನ ಒಂದೇ ಬೆಂಚಿನಲ್ಲಿ ಪಾಠವಾಗಿತ್ತು. ನಾನು ನೋಡಿದೆ ವಿಶಾಲೂ. ಜ್ವರದ ನಿಶ್ಶಕ್ತಿ ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಿತ್ತು. ಇನ್ನೂ ಒಂಬತ್ತು ಕೊಟ್ಟೆ.

ರೋಗಿಗಳನ್ನು ಬಿಟ್ಟು ಲ್ಯಾಬಿನ ಸ್ಲೈಡು ಯಾಕೆ ಹಿಡಿದೆ ಎಂದು ನೀನು ಕೇಳುತ್ತಲೇ ಇದ್ದೆ. ಇದಕ್ಕೇ.

ರೈಲು ಹತ್ತುವ ಮೊದಲು ಅವಳಿಗೂ ಅವಳ ಅಪ್ಪನಿಗೂ ಹೇಳಬೇಕು. ಈ ಕಾಗದ ಶುಕ್ರವಾರ ನಿನ್ನ ಕೈಗೆ ಬರುತ್ತದೆ. ಶನಿವಾರ ಸಂಜೆ ಫೋನ್ ಮಾಡಿ, ಹೇಳಿದೆಯಾ ಎಂದು ಒಂದೇ ಮಾತು ಕೇಳು. ನಾನು ಬೇರೆ ಮಾತು ತೆಗೆದರೆ, ಬಿಡಬೇಡ, ಮತ್ತೆ ಕೇಳು.