ಗೆಣಸು ಬೆಳೆದ ಅಣ್ಣನಿಗೆ

ಅಣ್ಣಾ,

ನಿನ್ನೆ ನಿನಗೆ ಮಾವನಾಗುವವರ ಮುಂದೆ ಎದೆಯುಬ್ಬಿಸಿ, "ಈ ಗೆಣಸೆಲ್ಲ ನಾನೇ ಬೆಳೆದಿದ್ದು" ಅಂದೆಯಲ್ಲ, ನನ್ನ ಹೊಟ್ಟೆ ಉರಿದುಹೋಯ್ತು. ಬಳ್ಳಿ ನೆಟ್ಟವಳು, ಅಗೆದು ಕೈಗೆ ಬೊಬ್ಬೆ ಬರಿಸಿಕೊಂಡವಳು ನಾನು.

ಹದವಾಗಿ ಸಿಹಿಯೇರಿದ ಗೆಣಸನ್ನೆಲ್ಲ ಅಕ್ಕನ ಮನೆಗೆ ಒಯ್ತಿದ್ದೀನಿ. ಮೊನ್ನೆ ಅಗೆದಿದ್ದು ಒಲೆ ಪಕ್ಕ ಬೆಚ್ಚಗೆ, ಗೋಣಿಚೀಲದ ಕೆಳಗಿದೆ. ತೊಳೀಬೇಡ, ಕೊಳೆಯುತ್ತೆ. ಫ್ರಿಜ್ಜಲ್ಲಿಡಬೇಡ, ಒಳಗೆ ಗಟ್ಟಿಯಾಗುತ್ತೆ. ಗೆಣಸಿನ ಮೇಲಿನ ಕನಿಕರಕ್ಕೆ ಹೇಳ್ತಿದ್ದೀನಿ, ನಿನ್ನ ಮೇಲಿನದಕ್ಕಲ್ಲ. ಈಗಲೇ ಬೇಯಿಸಿದರೆ ಬರೀ ಸಪ್ಪೆ. ಸಿಹಿಯಾಗೋಕೆ ಇನ್ನೂ ವಾರಗಟ್ಟಲೆ ಬೇಕು.

ಆದರೆ ನಿನ್ನ ಮಾವ ಇವತ್ತು ಸಂಜೆಯೇ ಬರ್ತಾರೆ, ಗೆಣಸು ತಿನ್ನೋಕೆ, ಬೆಳೆಯೋದು ಹೇಗೆ ಅಂತ ನಿನ್ನ ಬಾಯಿಂದಲೇ ಕೇಳೋಕೆ. ಕರೆದವಳು ನಾನೇ.

ಮಾತಿನ ನಡುವೆ ಎದ್ದುಹೋಗಿ ನನಗೆ ಫೋನ್ ಮಾಡಬೇಡ. ಎತ್ತಲ್ಲ.