ಗುಂಡಿ ಕಿತ್ತ ಕೋಟು

ಡಿಸೆಂಬರ್ ೭, ಭಾನುವಾರ

ಅಕ್ಕನ ಮೇಲಿನ ಹೇಸಿಗೆ ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಚರ್ಚಿನಲ್ಲಿ ಬೈಬಲ್ ಓದಿದವಳು ಅವಳೇ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂಬ ಭಾಗ. ಓದುತ್ತ ಕಣ್ಣೊರೆಸಿಕೊಂಡಳು ಬೇರೆ. ಆಮೇಲೆ ಬಡವರಿಗೆಂದು ಬಂದ ಬಟ್ಟೆ ವಿಂಗಡಿಸಲು, ದರ್ಜಿ ಅಲ್ಲವೇ ಎಂದು, ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಒಂದು ಗಂಟಿನಲ್ಲಿ ಭಾವನ ಉಣ್ಣೆ ಕೋಟು ಸಿಕ್ಕಿತು. ನಾನೇ ಹೊಲಿದದ್ದು. ಐದು ಗುಂಡಿಗಳನ್ನೂ ಕತ್ತರಿಸಿಕೊಂಡಿದ್ದರು. ದಾರದ ತುದಿಗಳಷ್ಟೇ ಉಳಿದಿದ್ದವು. ಬಾಗಿಲಲ್ಲಿ ನಿಂತು ಬಟ್ಟೆ ಹಂಚುತ್ತಿದ್ದ ಅಕ್ಕನನ್ನು ಕೇಳಿದೆ.

"ಗುಂಡಿ ಎಲ್ಲಿ ಅಕ್ಕಾ?"

"ಒಳ್ಳೆ ಕೊಂಬಿನ ಗುಂಡಿ ಕಣೋ. ಪುಕ್ಕಟೆ ತಗೊಳ್ಳೋರಿಗೆ ಅದೆಲ್ಲ ಯಾಕೆ?"

ಅಷ್ಟರಲ್ಲಿ ಸಾಲಿನಲ್ಲಿದ್ದ ಮುದುಕ ಹಮಾಲಿಯೊಬ್ಬ ಆ ಕೋಟನ್ನೇ ತೊಟ್ಟು, ಎದೆಯ ಬಳಿ ಒತ್ತಿ ಹಿಡಿದುಕೊಂಡ.

"ಕೂತ್ಕೊಳ್ಳಿ ತಾತ, ಗುಂಡಿ ಹಾಕ್ಕೊಡ್ತೀನಿ" ಎಂದೆ.

"ಬೇಡಪ್ಪ, ಹೀಗೇ ಹಿಡ್ಕೊಂಡ್ರಾಯ್ತು. ಕೊಟ್ಟೋರು ಬೇಜಾರು ಮಾಡ್ಕೋತಾರೆ."

ಮೂಟೆ ಹೊರುವವನಿಗೆ ಎರಡೂ ಕೈ ಬೇಕು. ಅಕ್ಕನಿಗೆ ಕೈಮುಗಿಯಲು ಹೋದಾಗಲೇ ಕೋಟು ತೆರೆದುಕೊಂಡು ಒಳಗಿನ ಹರಿದ ಬನಿಯನ್ ಕಂಡಿತು. ಅವಳು ನಕ್ಕು, "ನಂಗಲ್ಲ, ದೇವರಿಗೆ ಮುಗೀರಿ" ಎಂದಳು.

ಥೂ! ಎಂಥ ವಿನಯ!

ಅವಳ ಮುಖಕ್ಕೆ ಹೇಳಬೇಕಿತ್ತು, ಹೇಳಲಿಲ್ಲ. ತಾತ ಹೊರಟಾಗ ಹಿಂದೆ ಓಡಿಹೋಗಿ ನಿಲ್ಲಿಸಬೇಕಿತ್ತು, ಅದನ್ನೂ ಮಾಡಲಿಲ್ಲ. "ಊಟಕ್ಕೆ ಬಾರೋ" ಎಂದು ಅಕ್ಕ ಕರೆದಳು. ಹೋದೆ. ಭಾವನ ಪಕ್ಕ ಕೂತು ತಿಂದೆ, ಎರಡನೇ ಸಲವೂ ಬಡಿಸಿಕೊಂಡೆ. ಬಾಯಿ ತುಂಬಿದ್ದವನಿಗೆ ಮಾತು ಎಲ್ಲಿಂದ ಬರಬೇಕು. ಅವಳಿಗಿಂತ ನಾನು ಏನು ಮೇಲು?